ಟಿಪ್ಪಣಿಯಲ್ಲಿರದ ನೀರು

ಎಡ ಐದು, ದಿಬ್ಬ, ಆಮೇಲೆ ಬಲ ನಾಲ್ಕು, ಬಿಗಿಯುತ್ತೆ,
ಒಳಗೆ ಕಲ್ಲು, ಕೊಯ್ಯಬೇಡ.
ಹನ್ನೊಂದು ವರ್ಷ ರ‍್ಯಾಲಿಯಲ್ಲಿ
ಔಲಿಸ್‌ಗೆ ನಾನಾಡಿದ ಪ್ರೇಮದ ಮಾತು
ಹೆಚ್ಚುಕಡಿಮೆ ಇಷ್ಟೇ.

ಅವನ ಕೈಯಲ್ಲಿ ಸ್ಟೇರಿಂಗು, ನನ್ನ ತೊಡೆಯ ಮೇಲೆ ನೋಟುಪುಸ್ತಕ,
ಕುಂಡೆಗೂ ನೆಲಕ್ಕೂ ನಡುವೆ ಒಂದು ಗೇಣು.
ಹೊಟ್ಟೆಯಡಿ ಜಲ್ಲಿ, ಬಾಣಲೆಯ ಕಡಲೆಯಂತೆ ಸಿಡಿಯುವುದು.
'ಕೇಳು, ರಸ್ತೆ ಮಾತಾಡ್ತಿದೆ' ಅನ್ನುತ್ತಿದ್ದ.
ನನಗೆ ಕೇಳುತ್ತಿದ್ದದ್ದು ನನ್ನದೇ ದನಿ.
ಎರಡು ಪುಟ ಒಟ್ಟಿಗೆ ಮಗುಚಿದರೆ
ಇಬ್ಬರೂ ಪೈನ್ ಮರಕ್ಕೆ.

ಆ ಕಾರು ಈಗಲೂ ಶೆಡ್ಡಿನಲ್ಲಿದೆ,
ಬಿಳಿ, ಎರಡೇ ಬಾಗಿಲು.
ಸೊಂಟದ ಕೀಲಿಗೆ ಉಕ್ಕು ಹಾಕಿಸಿಕೊಂಡು ಬಂದವನು
ಮಾರ್ಚಿಯಲ್ಲಿ ಅದರೊಳಕ್ಕೆ ಇಳಿದ, ಸರಿ.
ಮೇಲೆ ಬರಲಾಗಲಿಲ್ಲ.
ಪಕ್ಕದ ಮನೆಯ ಯೂಸೊನೂ ನಾನೂ ಕಂಕುಳಿಗೆ ಕೈಕೊಟ್ಟು
ಬಾವಿಗೆ ಬಿದ್ದ ಕೊಡ ಎತ್ತಿದ ಹಾಗೆ ಎತ್ತಿದೆವು.
ನಕ್ಕ. ಕಿವಿ ಮಾತ್ರ ಕೆಂಪಾಗಿತ್ತು.

ಹೀಗೆ ಬಂತು ಈ ಎಸ್‌ಯುವಿ,
ಬೂದು ಬಣ್ಣ, ಎದೆಮಟ್ಟದ ಮೂತಿ.
ಕೂರಲು ಬಗ್ಗಬೇಕಿಲ್ಲ, ಏಳಲು ಯಾರೂ ಬೇಕಿಲ್ಲ,
ಜಗಲಿಗೆ ಕೂತಂತೆ ಪಕ್ಕಕ್ಕೆ ಜರುಗಿದರೆ ಆಯಿತು.
ಅವನ ಸಿಟ್ಟೆಲ್ಲ ಅದಕ್ಕೇ.

ಶನಿವಾರ ಸೌನಾ ಮುಗಿಸಿ, ಮೆಟ್ಟಿಲ ಮೇಲೆ ಟವೆಲು ಸುತ್ತಿ ಕೂತು
ಅವನೂ ತೌನೊನೂ ಬೆವರಾರುವ ತನಕ ಬೈಯುತ್ತಾರೆ.
'ತಿರುವಿನಲ್ಲಿ ತುಂಬಿದ ಕೊಪ್ಪರಿಗೆ ಥರ ತುಳುಕುತ್ತೆ.'
'ಅಟ್ಟದ ಮೇಲೆ ಕೂತು ಹೊಲ ಉತ್ತ ಹಾಗೆ ಮಾರಾಯ.'
'ಕಾರಲ್ಲ ಅದು, ಕಪಾಟು.
ಕಪಾಟಿಗೆ ಬೆಟ್ಟ ಹತ್ತುವ ಬೂಟು ತೊಡಿಸಿದ್ದಾರೆ.'
ತೌನೊ ಬಂದಿರುವುದೂ ಅಂಥದೇ ಒಂದರಲ್ಲಿ.
ಮಗಳದ್ದು ಅನ್ನುತ್ತಾನೆ.
ನಾಲ್ಕು ವರ್ಷದಿಂದ ಮಗಳದ್ದೇ.

ನಾನು ತುಟಿ ಬಿಚ್ಚುವುದಿಲ್ಲ.
ಹೇಳಿದರೆ ದ್ರೋಹವಾದೀತು.

ಅದು ಬಂದ ದಿನ, ಯಾಮ್ಸಾದಿಂದ ಮನೆಗೆ ಬರುವ ಜಲ್ಲಿರಸ್ತೆ,
ಸಾವಿರ ಸಲ ನನ್ನ ಬಾಯೊಳಗೇ ಹಾದುಹೋದ ರಸ್ತೆ.
ತೊಡೆ ಖಾಲಿ. ಕೈಗಳನ್ನು ಎಲ್ಲಿಡಬೇಕೋ ತಿಳಿಯದು.
ಅಷ್ಟೆತ್ತರದಲ್ಲಿ ಕೂತು ಸುಮ್ಮನೆ ತಲೆಯೆತ್ತಿದರೆ
ಬಲ ನಾಲ್ಕರ ಪೊದೆಗಳಾಚೆ ನೀರು!
ಕಣ್ಣು ಹರಿಯುವಷ್ಟೂ ನೀರು,
ದಡದಲ್ಲೊಂದು ಹಳದಿ ಮನೆ, ಮರದ ಕಟ್ಟೆ,
ಮಂಡಿಯೂರಿ ಚಾಪೆ ತಿಕ್ಕುತ್ತಿದ್ದ ಒಬ್ಬ ಹೆಂಗಸು.

'ಇಲ್ಲಿ ಕೆರೆ ಯಾವಾಗಿಂದ ಇದೆ?' ಅಂದೆ.
ಔಲಿಸ್ ನನ್ನ ಮುಖ ನೋಡಿದ.
'ಹಿಮಯುಗ ಮುಗಿದಾಗಿಂದ.'
'ನೀನು ನೋಡಿದ್ದೆಯಾ?'
ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು.
'ನೋಡಿದ್ದರೆ ಅದರಲ್ಲೇ ಇರುತ್ತಿದ್ದೆವು.'

ಮನೆಗೆ ಬಂದು ಹಳೆಯ ನೋಟುಪುಸ್ತಕ ತೆಗೆದೆ.
ಪೆನ್ಸಿಲ್ಲು, ಮಣ್ಣಿನ ಬೆರಳಚ್ಚು, ಕಾಫಿ ಕಲೆ,
ಕಲ್ಲಿದೆ, ಮೋರಿ ಇದೆ, ಒಂದು ಹಾಲಿನ ಕಟ್ಟೆಯೂ ಇದೆ.
ನೀರು ಎಂಬ ಮಾತು ಎಲ್ಲೂ ಇಲ್ಲ.

ಕೆಲವು ರಾತ್ರಿ ಶೆಡ್ಡಿನ ದೀಪ ಉರಿಯುತ್ತೆ.
ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸುತ್ತಾನೆ,
ಹೊರಗೇ ನಿಂತು, ಚಾವಣಿಗೆ ಅಂಗೈ ಒತ್ತಿ.
ನನ್ನ ಮಂಚದ ಕಾಲಿನವರೆಗೂ ಬರುತ್ತೆ ಅದರ ಗುರುಗುರು.
ಆಗ ನನಗೂ ಬೇಕನಿಸುತ್ತೆ,
ಆ ಗೇಣು, ಆ ಕಡಲೆ, ಆ ಭಯ.

ಮೊನ್ನೆ ಅಂಗಡಿಯಿಂದ ಬರುವಾಗ, ಅಭ್ಯಾಸಬಲ,
ಬಾಯಿ ತಾನೇ ಶುರುಮಾಡಿತು: ಎಡ ಐದು, ದಿಬ್ಬ...
ಅವನ ಪಾದವೂ ತಾನೇ ಒತ್ತಿತು.
ಕಪಾಟು ವಾಲಿತು, ಹಿಂದೆ ಬಾಟಲಿಗಳು ಉರುಳಿದವು,
ಅವನ ಕತ್ತಿನ ನರದಲ್ಲಿ ಮೂವತ್ತರ ಹುಡುಗ.
ಬಲ ನಾಲ್ಕು, ಬಿಗಿಯುತ್ತೆ,
ಒಳಗೆ ಕಲ್ಲು,
ಹೊರಗೆ ನೀರು. ಇನ್ನೂರು ಮೀಟರ್ ನೀರು. ನಿಧಾನ.

ನಿಧಾನವಾದ.
'ಇದು ಏನೂ ಹೇಳಲ್ಲ ಕಣೇ' ಅಂದ, ಸ್ಟೇರಿಂಗು ತಟ್ಟುತ್ತ.
'ಗೊತ್ತು' ಅಂದೆ.
ಕಟ್ಟೆಯ ಮೇಲೆ ಯಾರೂ ಇರಲಿಲ್ಲ.
ಗಳುವಿನ ಮೇಲೆ ಮೂರು ಚಾಪೆ ತೊಟ್ಟಿಕ್ಕುತ್ತಿದ್ದವು,
ಒಂದರ ಅಂಚು ಕೆಂಪು.